ಕರಾವಳಿಯ ಮೀನೂಟದ ಹೋಟೆಲು: ಒಂದು ಬಹುಶಿಸ್ತೀಯ ಸಂಕಥನದ ಕಡೆಗೆ

1. ಪೀಠಿಕೆ

ಪ್ರಸ್ತುತ ಪ್ರಬಂಧವು ಮಂಗಳೂರು ಪರಿಸರದ ಮೀನೂಟದ ಹೋಟೆಲುಗಳ ಉಗಮ, ವಿಕಾಸ, ಅವಸಾನ ಮತ್ತು ಪುನರನ್ವೇಷಣೆಯನ್ನು ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿಟ್ಟು ಮುಖಾಮುಖಿಯಾಗುವ, ಮುಖಾಮುಖಿಯಾದ ಮೇಲೆ ಅನುಸಂಧಾನ ನಡೆಸುವ, ಅನುಸಂಧಾನ ಮುಗಿದದ್ದೇ ಒಂದು ಬಂಗುಡೆ ಫ್ರೈ ಹೇಳುವ ವಿನಮ್ರ ಪ್ರಯತ್ನವಾಗಿದೆ. ಮೀನೂಟದ ಹೋಟೆಲನ್ನು ಇಲ್ಲಿ ಹೊಟ್ಟೆ ತುಂಬಿಸುವ ಜಾಗವೆಂದು ಭಾವಿಸದೆ ಒಂದು ಪಠ್ಯವೆಂದು, ಒಂದು ರೂಪಕವೆಂದು, ಅಂಚಿನ ಅಸ್ಮಿತೆಗಳು ತಮ್ಮನ್ನು ತಾವು ಕಟ್ಟಿಕೊಳ್ಳುವ ನೆಲೆಯೆಂದು ಗ್ರಹಿಸಲಾಗಿದೆ. ಹಾಗೆ ಗ್ರಹಿಸದಿದ್ದರೆ ಪ್ರಬಂಧವನ್ನು ಯಾರೂ ಅಚ್ಚು ಹಾಕುವುದಿಲ್ಲ.

ಅಧ್ಯಯನದ ಪ್ರೇರಣೆ ಸಿಟ್ಟು. ಕರಾವಳಿಯ ಆಹಾರ ಸಂಸ್ಕೃತಿಯ ಮೇಲೆ ನಡೆದ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವೊಂದರಲ್ಲಿ ನಾನು ಕೂತಿದ್ದೆ. ಹಿಂಗಾರ ಅರಳಿಸಿ ಉದ್ಘಾಟನೆಯಾಯಿತು. ದಿಕ್ಸೂಚಿ ಭಾಷಣಕಾರರು ದಿಕ್ಕು ತೋರಿಸುವುದಕ್ಕೆ ಒಂದೂಕಾಲು ಗಂಟೆ ತೆಗೆದುಕೊಂಡರು. ಮೀನಿನ ಸಾರು ವಸಾಹತೋತ್ತರ ಪ್ರತಿರೋಧದ ದ್ರವರೂಪ ಎಂದರು. ಹುಳಿಗೂ ಖಾರಕ್ಕೂ ನಡುವಿನ ಶಾಶ್ವತ ಸಂಘರ್ಷವನ್ನು ತೆಂಗಿನಕಾಯಿ ಹೇಗೆ ಸಂಧಾನಕ್ಕೆ ತರುತ್ತದೆ ಎಂಬುದನ್ನು ಪರದೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದರು. ಪಕ್ಕದಲ್ಲಿದ್ದ ಗಂಗೊಳ್ಳಿ ಕಡೆಯ ಉಪನ್ಯಾಸಕರು ನನ್ನ ಕಿವಿಯಲ್ಲಿ, "ಇವ್ರು ಒಂದ್ ಸಲ ಆದ್ರೂ ಬೈಗೆ ತಿಂದಿದ್ರಾ ಅಂತ ಕೇಣಿ" ಅಂದರು.

ಮಧ್ಯಾಹ್ನದ ಊಟಕ್ಕೆ ಜೀರಾ ರೈಸ್, ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಎರಡು ಜಾಮೂನು. ಮೀನಿಲ್ಲವೇ ಎಂದು ಸಂಘಟಕರಲ್ಲಿ ಒಬ್ಬರನ್ನು ಕೇಳಿದೆ. "ಕ್ಯಾಂಪಸ್ಸಿನ ಒಳಗೆ ಅದೆಲ್ಲ ಆಗುದಿಲ್ಲ ಸರ್. ಎಲ್ಲರೂ ತಿನ್ನುವಂಥದ್ದು ಇಡ್ಬೇಕಲ್ಲ?" ಎಂದರು. ಅವರ ಬೆನ್ನ ಹಿಂದಿನ ಬ್ಯಾನರಿನಲ್ಲಿ ಮಾತ್ರ ಆಳೆತ್ತರದ ಅಂಜಲ್ ಒಂದು ಬಾಯಿ ತೆರೆದು ಮಲಗಿತ್ತು.

ಮಧ್ಯಾಹ್ನದ ಗೋಷ್ಠಿ ತಪ್ಪಿಸಿ ಗಂಗೊಳ್ಳಿಯ ಉಪನ್ಯಾಸಕರೂ ನಾನೂ ಹಳೆ ಬಂದರಿನ ಕಡೆ ನಡೆದೆವು. ಅಲ್ಲಿ ನನ್ನ ಕಾಲೇಜು ದಿನಗಳ ಹೋಟೆಲೊಂದು ಇತ್ತು. ಈಗ ಆ ಜಾಗದಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ಪ್ರಸ್ತುತ ಅಧ್ಯಯನದ ಸಮಸ್ಯೆಯು ಆ ಗಾಜಿನ ಬಾಗಿಲಿನ ಎದುರು ನಿರೂಪಿತವಾಯಿತು.

2. ಪೂರ್ವಾಧ್ಯಯನಗಳ ಸಮೀಕ್ಷೆ

ಪೂರ್ವಾಧ್ಯಯನಗಳು ಇಲ್ಲ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಸಮೀಕ್ಷೆಯಿಲ್ಲದ ಸಂಶೋಧನೆಯನ್ನು ಮಾರ್ಗದರ್ಶಕರು ಒಪ್ಪುವುದಿಲ್ಲವಾದ್ದರಿಂದ ಸಾವಿರ ವರ್ಷ ಹಿಂದಿನಿಂದ ಆರಂಭಿಸುತ್ತೇನೆ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬೇಸಾಯ, ಬಾವಿ, ವೈದ್ಯ, ಅಡುಗೆ ಎಲ್ಲವೂ ಉಂಟು. ಲೋಕಕ್ಕೇ ಉಪಕಾರ ಮಾಡಲು ಹೊರಟವನು ಮೀನು ತಿನ್ನುವ ಲೋಕವನ್ನು ಮಾತ್ರ ಕೈಬಿಟ್ಟ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಅಡುಗೆಯನ್ನೇ ಷಟ್ಪದಿಯಲ್ಲಿ ಹಾಡಿ 'ಸೂಪಶಾಸ್ತ್ರ' ಬರೆದ. ಜೈನ ಕವಿ, ಅವನಿಂದ ಪುಳಿಮುಂಚಿ ನಿರೀಕ್ಷಿಸುವುದು ನಮ್ಮ ಅತಿಯಾಸೆ. ನಡುವೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೊಬ್ಬ ಸಿಗುತ್ತಾನೆ. ಅವನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಮೀನು ಹಿಡಿಯುವುದು ರಾಜವಿನೋದಗಳಲ್ಲಿ ಒಂದು. ಮೀನುಗಳ ಬಗೆ, ಅವಕ್ಕೆ ಹಾಕುವ ಎರೆ, ಆಮೇಲೆ ಅವುಗಳ ಅಡುಗೆ, ಎಲ್ಲ ಬರುತ್ತದೆ. ದರದ ಪ್ರಸ್ತಾಪ ಇಲ್ಲ. ದೊರೆಯ ಮುಂದೆ ಬಿಲ್ ಇಡುವವರು ಯಾರು?

ಆಧುನಿಕ ಕಾಲದ ಮೌನ ಇದಕ್ಕಿಂತ ದೊಡ್ಡದು. ಇದೇ ಕರಾವಳಿಯಿಂದ ಗಟ್ಟ ಹತ್ತಿದ ಸಸ್ಯಾಹಾರಿ ಹೋಟೆಲಿಗೆ ಚರಿತ್ರೆ ಇದೆ, ಆತ್ಮಕಥೆಗಳಿವೆ, ಅಭಿನಂದನ ಗ್ರಂಥಗಳಿವೆ. 1924ರಲ್ಲಿ ಬೆಂಗಳೂರಿನಲ್ಲಿ ಮುಂದೆ ಎಂಟಿಆರ್ ಆದ ಹೋಟೆಲನ್ನು ಪಾರಂಪಳ್ಳಿಯ ಮಯ್ಯ ಸಹೋದರರು ತೆರೆದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಮಸಾಲೆ ದೋಸೆಯ ಮೂಲದ ಬಗ್ಗೆ ಜಗಳವಾಡುವ ವಿದ್ವಾಂಸರಿದ್ದಾರೆ. ಅದೇ ಬಸ್ಸಿನಲ್ಲಿ, ಅದೇ ಹಡಗಿನಲ್ಲಿ ಮುಂಬಯಿಗೆ ಹೋಗಿ, ಹಗಲು ತಟ್ಟೆ ತೊಳೆದು, ಸಂಜೆ ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಕೇಳಿ, ಮುಂದೆ ಗುಮಾಸ್ತರಿಗಾಗಿ ಲಂಚ್ ಹೋಮ್ ತೆರೆದು ಮೀನು ಬಡಿಸಿದ ಬಂಟ, ಮೊಗವೀರ, ಬಿಲ್ಲವ ಹುಡುಗರ ಬಗ್ಗೆ? ಅವರ ಅಂಗಡಿಗಳಲ್ಲಿ ಕೆಲವು ಈಗ ಸಿನಿಮಾ ತಾರೆಯರು ಏಡಿ ತಿನ್ನುವ ಜಾಗಗಳಾಗಿವೆ. ಮಿಕ್ಕವು ಎಲ್ಲಿವೆ ಎಂದು ಕೇಳಿದ ವಿದ್ವಾಂಸ ನನಗೆ ಇನ್ನೂ ಸಿಕ್ಕಿಲ್ಲ.

3. ತಟ್ಟೆಯ ಸಂರಚನೆ

ಸಂರಚನಾವಾದಿ ದೃಷ್ಟಿಯಿಂದ ನೋಡಿದರೆ ಮೀನೂಟ ಎರಡು ಅಕ್ಷಗಳ ಮೇಲೆ ನಿಂತಿದೆ. ಅಡ್ಡ ಅಕ್ಷದಲ್ಲಿ ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ. ಇವು ಪುನರಾವರ್ತನಶೀಲ ಚಿಹ್ನೆಗಳು. ಎಂದರೆ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಲಂಬ ಅಕ್ಷದಲ್ಲಿ ಫ್ರೈ. ಇದು ಅನನ್ಯ, ಎಂದರೆ ಇನ್ನೊಂದು ಬೇಕಾದರೆ ದುಡ್ಡು ಬೇರೆ.

ಸಾರು ಮತ್ತೆ ಎರಡು ವಿಧ: ತುಂಡು ಇರುವ ಸಾರು, ತುಂಡು ಇಲ್ಲದ ಸಾರು. ಸಾರಿನಲ್ಲಿ ಅನುಪಸ್ಥಿತವಾಗಿರುವ ಮೀನೇ ಸಾರಿನ ಅರ್ಥವನ್ನು ನಿರ್ಮಿಸುತ್ತದೆ ಎಂಬ ನಿರಚನವಾದಿಗಳ ಮಾತನ್ನು ಬಂದರಿನ ಹಮಾಲಿಗಳು ಯಾವ ಫ್ರೆಂಚ್ ತಿಳಿಯದೆಯೂ ದಿನಾ ಅನುಭವಿಸುತ್ತಿದ್ದರು. ತುಂಡು ಇದ್ದಾಗ ಅದರ ಹಂಚಿಕೆಯಲ್ಲಿ ಒಂದು ಸ್ಪಷ್ಟ ಶ್ರೇಣೀಕರಣ ಇತ್ತು. ನಡುತುಂಡು ದಿನದ ಗಿರಾಕಿಗೆ. ಬಾಲ ಪರವೂರಿನವನಿಗೆ. ತಲೆ, ತಲೆ ತಿನ್ನಲು ಗೊತ್ತಿದ್ದವನಿಗೆ. ಈ ಮೂರನೆಯ ವರ್ಗಕ್ಕೆ ಸೇರುವುದು ಒಂದು ಪದವಿಯೇ ಆಗಿತ್ತು. ಹುಡುಗ ಕೇಳದೆಯೇ ತಲೆ ತಂದು ಹಾಕಿದ ದಿನ ನಾನು ಮಂಗಳೂರಿನವನಾದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹೋಟೆಲಿನಲ್ಲಿ ಮೆನು ಇರಲಿಲ್ಲ. ಹುಡುಗ ಅಗಲದ ಅಲ್ಯೂಮಿನಿಯಂ ತಟ್ಟೆಯಲ್ಲಿ ಮಸಾಲೆ ಮೆತ್ತಿದ ಹಸಿ ಮೀನುಗಳನ್ನು ತಂದು ಮೂಗಿನ ಕೆಳಗೆ ಹಿಡಿಯುತ್ತಿದ್ದ. ಬ್ಯಾಡಗಿ ಮೆಣಸಿನ ಕೆಂಪಿನಡಿ ಯಾವುದು ಬಂಗುಡೆ, ಯಾವುದು ನಂಗ್, ಯಾವುದು ಕಾಣೆ ಎಂದು ಆಕಾರದಲ್ಲೇ ಗುರುತು ಹಿಡಿಯಬೇಕು. ಬೆರಳು ತೋರಿಸಿದರೆ ಆಯಿತು, ಅದು ನಿಮ್ಮದು. ಒಲೆ ಒಳಗಡೆ ಅಲ್ಲ, ಬಾಗಿಲ ಪಕ್ಕದಲ್ಲೇ. ದಪ್ಪ ಕಬ್ಬಿಣದ ಕಾವಲಿ, ಅದರ ಮೇಲೆ ಎಲ್ಲರ ಮೀನೂ ಒಟ್ಟಿಗೆ ಬೇಯುತ್ತಿತ್ತು. ಕಂಡಕ್ಟರನ ಬೂತಾಯಿ, ವಕೀಲರ ಅಂಜಲ್, ನನ್ನ ಅರ್ಧ ಬಂಗುಡೆ. ಹೌದು, ಅರ್ಧ ಸಿಗುತ್ತಿತ್ತು. ಮೀನು ತೆಗೆದ ಮೇಲೆ ಕಾವಲಿಯಲ್ಲಿ ಉಳಿದ ಮಸಾಲೆ, ಎಣ್ಣೆಯಲ್ಲಿ ಕರಿದು ಅಂಚು ಕಪ್ಪಾಗಿ, ಹುಣಸೆಯ ಹುಳಿ ಗಟ್ಟಿಯಾಗಿ ಹತ್ತಿಕೊಂಡದ್ದು. ಅದನ್ನು ಸಟ್ಟುಗದಲ್ಲಿ ಕೆರೆದು, ಮೀನು ಕೊಳ್ಳಲಾಗದೆ ಬರೀ ಊಟ ಹೇಳಿದವನ ಅನ್ನದ ಮೇಲೆ ಹಾಕುತ್ತಿದ್ದರು. ಅದಕ್ಕೆ ಬಿಲ್ ಇರಲಿಲ್ಲ. ಅದಕ್ಕೆ ಹೆಸರೂ ಇರಲಿಲ್ಲ. ಈಗ ಒಂದು ಹವಾನಿಯಂತ್ರಿತ ಜಾಗದಲ್ಲಿ ಅದನ್ನೇ ಪುಟ್ಟ ಬಟ್ಟಲಿನಲ್ಲಿಟ್ಟು, ಮೇಲೆ ಕರಿಬೇವಿನ ಎಸಳು ಸಿಕ್ಕಿಸಿ, ತೊಂಬತ್ತು ರೂಪಾಯಿಗೆ ಮಾರುವುದನ್ನು ಕಂಡೆ.

4. ವರ್ಗೀಕರಣ

ಕನ್ನಡ ಕಾವ್ಯಮೀಮಾಂಸೆಯ ಮಾರ್ಗ–ದೇಸಿ ಪರಿಕಲ್ಪನೆಯನ್ನು ಅಳವಡಿಸಿಕೊಂಡು ಮೀನೂಟದ ಹೋಟೆಲುಗಳನ್ನು ಒಂಬತ್ತು ಪ್ರವರ್ಗಗಳಾಗಿ ವಿಂಗಡಿಸಲಾಗಿದೆ.

ಮೊದಲನೆಯದು ಮಾರ್ಗ ಹೋಟೆಲು. ಇದರ ಗೋಡೆಗೆ ಬಲೆ ತೂಗುಹಾಕಿರುತ್ತಾರೆ, ಆ ಬಲೆ ಒಮ್ಮೆಯೂ ನೀರಿಗೆ ಇಳಿದಿರುವುದಿಲ್ಲ. ಬಾಗಿಲಲ್ಲಿ ಅರ್ಧ ದೋಣಿ. ಬಡಿಸುವವನಿಗೆ ಕಡ್ಡಾಯವಾಗಿ ಚೌಕುಳಿ ಲುಂಗಿ. ಪಾಪ ಅವನು ಈಶಾನ್ಯ ರಾಜ್ಯದಿಂದಲೋ ಒಡಿಶಾದಿಂದಲೋ ಬಂದ ಹುಡುಗ, ಆ ಲುಂಗಿಯೊಂದಿಗೆ ಅವನದು ದಿನನಿತ್ಯದ ಸೆಣಸಾಟ. ಮೆನು ಪುಸ್ತಕದ ಮೊದಲ ಪುಟದಲ್ಲಿ ಅಜ್ಜಿಯೊಬ್ಬಳು ಇರುತ್ತಾಳೆ. ಎಲ್ಲ ಪಾಕವೂ ಅವಳದೇ. ನಾನು ಓದಿದ ಮೆನುಗಳನ್ನೆಲ್ಲ ನಂಬುವುದಾದರೆ ಕರಾವಳಿಯ ಅಜ್ಜಿಯರು ಬದುಕಿನುದ್ದಕ್ಕೂ ಘೀ ರೋಸ್ಟ್ ಬಿಟ್ಟು ಬೇರೇನೂ ಮಾಡಿರಲಿಕ್ಕಿಲ್ಲ. ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಕೋಳಿಗೆಂದು ಹುಟ್ಟಿದ ಆ ಪಾಕ ಸಿಗಡಿಗೆ ದಾಟಿ, ಏಡಿಗೆ ದಾಟಿ, ಈಗ ಅಣಬೆ, ಪನೀರು, ಅನಾನಸಿನವರೆಗೆ ಬಂದಿದೆ.

ಎರಡನೆಯದು ದೇಸಿ. ಇದನ್ನು ಮೇಲಿನ ಅಧ್ಯಾಯದಲ್ಲಿ ವಿವರಿಸಿ ಆಗಿದೆ, ಹೆಚ್ಚಿನವು ಮುಚ್ಚಿಯೂ ಆಗಿದೆ.

ಮೂರನೆಯದು ಮಾರ್ಗದೇಸಿ. ಹಳೆಯ ಹೆಸರು, ಹೊಸ ಬೋರ್ಡು, ಐದು ಶಾಖೆ. ತಂದೆಯ ಫೋಟೋ ಕ್ಯಾಶಿನ ಮೇಲೆ, ತಂದೆಯ ಸಾರು ಎಲ್ಲೂ ಇಲ್ಲ.

ನಾಲ್ಕನೆಯದು ಬಾರ್ ಆ್ಯಂಡ್ ಫ್ಯಾಮಿಲಿ ರೆಸ್ಟೋರೆಂಟ್. ಇಲ್ಲಿ ಮೀನು ಒಳ್ಳೆಯದೇ ಇರುತ್ತದೆ, ಬೆಳಕು ಇರುವುದಿಲ್ಲವಾದ್ದರಿಂದ ಯಾವ ಮೀನು ಎಂಬುದು ವ್ಯಾಖ್ಯಾನಕ್ಕೆ ಬಿಟ್ಟದ್ದು.

ಐದನೆಯದು... ಉಳಿದ ಐದು ಪ್ರವರ್ಗಗಳನ್ನು ಓದುಗರೇ ಮಾಡಿಕೊಳ್ಳಲಿ. ಹೋಟೆಲುಗಳು ಇರುವುದು ನಿಜಕ್ಕೂ ಎರಡೇ ಬಗೆ: ಬಿಲ್ ಬರುವ ಮುಂಚೆ ಎಷ್ಟಾಗುತ್ತದೆಂದು ಗೊತ್ತಿರುವಂಥದ್ದು, ಗೊತ್ತಿಲ್ಲದಂಥದ್ದು.

5. ಎ.ಪಿ.ಎಸ್. ಎಂಬ ನಿರ್ಗುಣ ತತ್ತ್ವ

ಹಾಗಾಗಿ ಎ.ಪಿ.ಎಸ್. ಬಗ್ಗೆ ಪ್ರತ್ಯೇಕ ಅಧ್ಯಾಯ ಅನಿವಾರ್ಯವಾಯಿತು. ಮಾರ್ಗ ಹೋಟೆಲಿನ ಮೆನುವಿನಲ್ಲಿ ಪಾಂಪ್ಲೆಟ್, ಕಾಣೆ, ಏಡಿ, ದೊಡ್ಡ ಸಿಗಡಿಗಳ ಎದುರು ಅಂಕಿಯ ಬದಲು ಈ ಮೂರು ಅಕ್ಷರ ಇರುತ್ತದೆ. ಗಾತ್ರ ನೋಡಿ ದರ ಎಂದು ಲೌಕಿಕಾರ್ಥ. ಪಾರಮಾರ್ಥಿಕವಾಗಿ ಇದು ಉಪನಿಷತ್ತಿನ ಬ್ರಹ್ಮದ ಹಾಗೆ. ಇಷ್ಟಲ್ಲ, ಇಷ್ಟೂ ಅಲ್ಲ ಎಂದು ನಿಷೇಧದಿಂದಲೇ ತಿಳಿಯಬೇಕು. ಬ್ರಹ್ಮಜಿಜ್ಞಾಸೆಗೆ ಗುರು ಬೇಕಾದಂತೆ ಎ.ಪಿ.ಎಸ್. ಜಿಜ್ಞಾಸೆಗೆ ವೇಟರ್ ಬೇಕು. ಆದರೆ ಹೆಂಡತಿಯ ತಂಗಿಯ ಮನೆಯವರೆಲ್ಲ ಎದುರು ಕೂತಿರುವಾಗ "ಅದು ಎಷ್ಟಾಗ್ತದೆ?" ಎಂದು ಕೇಳುವ ಸಾಧಕ ಲಕ್ಷಕ್ಕೊಬ್ಬ. ಈ ತತ್ತ್ವ ನಿಂತಿರುವುದೇ ಆ ಸಂಕೋಚದ ಮೇಲೆ.

ಮೀನಿನ ದರ ದಿನಾ ಬದಲಾಗುತ್ತದೆ, ಬೆಳಗಿನ ದಕ್ಕೆಯ ಹರಾಜಿನಲ್ಲಿ ನಿಂತು ನೋಡಿದವರಿಗೆ ಅದು ಗೊತ್ತು. ಹಳೆಯ ಹೋಟೆಲಿನವರಿಗೂ ಅದೇ ಹರಾಜು, ಅದೇ ಏರಿಳಿತ. ಅವರು ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಂದಿನ ದರ ಬರೆಯುತ್ತಿದ್ದರು. ದರ ಹೆಚ್ಚಾದ ದಿನ ಆ ಮೀನನ್ನೇ ತರುತ್ತಿರಲಿಲ್ಲ. ಸೀಮೆಸುಣ್ಣದಿಂದ ಎ.ಪಿ.ಎಸ್.ಗೆ ಆದ ಈ ಪಲ್ಲಟವನ್ನು ಯಾರಾದರೂ ಆಧುನಿಕತೆ ಎಂದು ಕರೆದರೆ ನನ್ನ ಆಕ್ಷೇಪ ದಾಖಲಾಗಲಿ.

6. ಅವಸಾನದ ಕಾರಣಗಳು

ಸಂಕಿರಣದಲ್ಲಿ ಇದಕ್ಕೆ ಜಾಗತೀಕರಣ ಎಂದು ಒಂದೇ ಪದದಲ್ಲಿ ಉತ್ತರ ಹೇಳಿ ಎಲ್ಲರೂ ಚಹಾಕ್ಕೆ ಎದ್ದರು. ನನಗೆ ಆ ಹೋಟೆಲಿನ ಬೆಂಚಿನಲ್ಲಿ ಯಾರೆಲ್ಲ ಕೂರುತ್ತಿದ್ದರು ಎಂಬುದು ನೆನಪಿದೆ. ಬಂದರಿನಲ್ಲಿ ಮೂಟೆ ಹೊರುವವರು. ಹಂಚಿನ ಕಾರ್ಖಾನೆಯವರು, ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದಂದಿನಿಂದ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಸಾವಿರಾರು ಮಂದಿಗೆ ಆ ಕೆಲಸವಿತ್ತು. ಬ್ಯಾಂಕಿನ ಗುಮಾಸ್ತರು. ಬಸ್ಸಿನವರು. ಸರಕಿನ ಹಡಗು 1974ರಲ್ಲಿ ಪ್ರಮುಖ ಬಂದರಾಗಿ ಘೋಷಣೆಯಾದ ಪಣಂಬೂರಿಗೆ ಹೋಯಿತು. ಹಂಚಿನ ಮಾಡಿನ ಬದಲು ತಾರಸಿ ಬಂತು, ಕಾರ್ಖಾನೆಗಳ ಚಿಮಣಿ ಒಂದೊಂದಾಗಿ ಆರಿತು. ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನೊಳಗೆ ಕರಗಿತು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಹೋಗಿತ್ತು. ವಿಲೀನದ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟೆಲ್ಲ ಬಂತು. ಮಧ್ಯಾಹ್ನ ಒಂದು ಗಂಟೆಗೆ ಕೈ ತೊಳೆಯಲು ಸಾಲು ನಿಲ್ಲುತ್ತಿದ್ದವರು ಕಡಿಮೆಯಾದರೆ ಹೋಟೆಲಿನ ಸಾರಿನ ಪಾತ್ರೆ ಎಷ್ಟು ಚಿಕ್ಕದಾಗುತ್ತದೆ ಎಂದು ಯಾರೂ ಬರೆಯಲಿಲ್ಲ.

ಇನ್ನು ಮೀನು. ಬೂತಾಯಿ ಬಡವರ ಮೀನು. ಮಳೆ, ಸಮುದ್ರದ ಬಿಸಿ ನೋಡಿಕೊಂಡು ಒಂದು ವರ್ಷ ರಾಶಿ ಬೀಳುವ, ಇನ್ನೊಂದು ವರ್ಷ ಮಾಯವಾಗುವ ಮೀನು. ಅದರ ಏರಿಳಿತ ಹಿಂದೆಯೂ ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಾಡದೋಣಿಯವರು ಆ ಬೆಳಕಿನ ವಿರುದ್ಧ ಮನವಿ ಕೊಡುವುದು ಇನ್ನೂ ನಿಂತಿಲ್ಲ. ಇಷ್ಟಾದ ಮೇಲೂ ಬೂತಾಯಿ ಸಿಕ್ಕಿತು ಎನ್ನಿ. ಅದು ಎಲ್ಲಿಗೆ ಹೋಗುತ್ತದೆ? ಹೆದ್ದಾರಿಯುದ್ದಕ್ಕೂ ನೀರು ಸುರಿಸುತ್ತ, ಹಿಂದಿನ ಬೈಕಿನವನನ್ನು ಜಾರಿಸುತ್ತ ಹೋಗುವ ಲಾರಿಯಲ್ಲಿ ಬಹಳಷ್ಟು ಫಿಶ್‌ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಪುಡಿ ಮಾಡುತ್ತಾರೆ. ಆ ಪುಡಿ ಫಾರಂ ಕೋಳಿಗೆ, ಕೆರೆಯಲ್ಲಿ ಸಾಕಿದ ಸಿಗಡಿಗೆ ತಿನಿಸು. ಆ ಸಿಗಡಿ ಬೆಳೆದು ದೊಡ್ಡದಾಗಿ ಮಾರ್ಗ ಹೋಟೆಲಿನ ಮೆನುವಿಗೆ ಬರುತ್ತದೆ, ಎದುರಿಗೆ ಎ.ಪಿ.ಎಸ್.

ಈ ವಾಕ್ಯಗಳನ್ನು ಸಂಶೋಧನೆಯ ಭಾಷೆಗೆ ತರಲು ನೋಡಿದೆ. 'ಪ್ರೋಟೀನಿನ ವರ್ಗಾಂತರ' ಎಂದೆಲ್ಲ ಬರೆದು ಹೊಡೆದುಹಾಕಿದೆ. ಹಮಾಲಿಯ ತಟ್ಟೆಯಿಂದ ಮೀನು ಎತ್ತಿ ಸಿಗಡಿಗೆ ಹಾಕಿದ್ದೇವೆ, ಅಷ್ಟೇ. ಇದಕ್ಕೆ ಪರಿಭಾಷೆ ಬೇಡ, ನಾಚಿಕೆ ಸಾಕು.

ಕೊನೆಯ ಕಾರಣವನ್ನು ನೆನಪಿನ ಮಾರಾಟಗಾರರು ಯಾರೂ ಹೇಳುವುದಿಲ್ಲ. ಆ ಹೋಟೆಲು ಅಷ್ಟು ಅಗ್ಗವಾಗಿ ಹೇಗೆ ನಡೆಯುತ್ತಿತ್ತು? ಧಣಿ ಕ್ಯಾಶಿನಲ್ಲಿ ಕೂರುತ್ತಿದ್ದರು. ಹಿಂದಿನ ಚಾವಡಿಯಲ್ಲಿ ಅವರ ಹೆಂಡತಿ ಬೆಳಕು ಹರಿಯುವ ಮುಂಚೆ ಕಡೆಯುವ ಕಲ್ಲಿನ ಎದುರು ಕಾಲು ಚಾಚಿ ಕೂತು ತೆಂಗಿನಕಾಯಿ, ಮೆಣಸು, ಕೊತ್ತಂಬರಿ ಅರೆಯುತ್ತಿದ್ದರು. ಆಮೇಲೆ ಮೀನು ಹೆಚ್ಚುವುದು, ಅವರ ಅತ್ತಿಗೆಯೂ ಸೇರಿ. ಈ ಇಬ್ಬರಿಗೆ ಸಂಬಳ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ನಾವು ಅಗ್ಗ ಎಂದು ಹೊಗಳಿದ್ದರಲ್ಲಿ ಅರ್ಧ ಅವರ ಸೊಂಟ ನೋವಿನದು. ಮಗಳು ನರ್ಸಿಂಗ್ ಓದಿ ಕುವೈತಿಗೆ ಹೋದಳು ಎಂದು ಕೇಳಿದ್ದೇನೆ. ಒಳ್ಳೆಯದಾಯಿತು. ಹಳೆಯ ರುಚಿ ಹೋಯಿತೆಂದು ಮರುಗುವ ನನ್ನಂಥವರಲ್ಲಿ ಯಾರೂ ತಮ್ಮ ಮಗಳನ್ನು ಆ ಕಲ್ಲಿನ ಎದುರು ಕೂರಿಸುವವರಲ್ಲ.

7. ಕ್ಷೇತ್ರಕಾರ್ಯ

ಅಂದರೂ ಮಧ್ಯಾಹ್ನ ಹಸಿವಾಗುತ್ತದೆ. ಕೈಗೆಟುಕುವ ಹೊಸ ಮೀನೂಟದ ಹೋಟೆಲು ಹುಡುಕುವುದಕ್ಕೆ ಈ ಅಧ್ಯಯನ ಕೆಲವು ವೈಜ್ಞಾನಿಕ ವಿಧಾನಗಳನ್ನು ರೂಪಿಸಿದೆ.

ಪ್ರಶ್ನಾವಳಿ ವಿಧಾನ ಕೂಡಲೇ ವಿಫಲವಾಯಿತು. ಸ್ಟೇಟ್‌ಬ್ಯಾಂಕ್ ಬಳಿ ಆಟೋದವರೊಬ್ಬರಿಗೆ ಹಾಳೆ ಕೊಟ್ಟರೆ, "ಮೊದಲು ಊಟ ಮಾಡಿ ಬರ್ತೇನೆ, ಆಮೇಲೆ ಟಿಕ್ ಹಾಕುವ" ಎಂದು ಹೋದರು. ನಾನು ಹಾಳೆ ಬಿಟ್ಟು ಅವರ ಹಿಂದೆ ಹೋಗಿದ್ದೇ ಈ ಸಂಶೋಧನೆಯ ತಿರುವು. ಆಟೋ, ಟೆಂಪೋಗಳು ಹನ್ನೆರಡೂವರೆಗೆ ಯಾವ ಓಣಿಯ ಬಾಯಿಯಲ್ಲಿ ನಿಲ್ಲುತ್ತವೋ ಆ ಓಣಿಯಲ್ಲಿ ಊಟ ಉಂಟು.

ಮಾರ್ಜಾಲ ಸೂಚ್ಯಂಕ: ಹಿಂಬಾಗಿಲ ಬಳಿ ಬೆಕ್ಕುಗಳು ಎಷ್ಟು, ಅವುಗಳ ಮೈಕಟ್ಟು ಹೇಗೆ? ಒಂದೂ ಇಲ್ಲವಾದರೆ ಒಳಗೆ ಫ್ರೀಜರಿನ ಬಾಸಾ ಮೀನು ಎಂದು ತಿಳಿಯಬೇಕು. ಬೆಕ್ಕಿದ್ದೂ ಬಡಕಲಾಗಿದ್ದರೆ ಧಣಿ ಜಿಪುಣ, ಸಾರೂ ನೀರು.

ಮೊಬೈಲಿನ ನಕ್ಷತ್ರಗಳನ್ನು ತಲೆಕೆಳಗಾಗಿ ಓದಬೇಕು. 'ವಾತಾವರಣ ಚೆನ್ನಾಗಿಲ್ಲ, ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳಬೇಕಾಯಿತು, ಎರಡೂವರೆಗೆ ಹೋದರೆ ಎಲ್ಲ ಮುಗಿದಿತ್ತು' ಎಂದು ಯಾರಾದರೂ ಒಂದು ನಕ್ಷತ್ರ ಕೊಟ್ಟಿದ್ದರೆ ಆ ವಿಳಾಸ ಬರೆದಿಟ್ಟುಕೊಳ್ಳಿ. ರೀಲ್ಸ್ ಮಾಡುವವರು ಕ್ಯಾಮೆರಾ ಹಿಡಿದು ಬಂದಿದ್ದರೆ ಮಾತ್ರ ಆಸೆ ಬಿಡಿ. ಮುಂದಿನ ವಾರ ಅಲ್ಲಿ ಸಾಲು, ಅದರಾಚೆ ತಿಂಗಳು ಹೊಸ ದರ, ಮುಂದಿನ ವರ್ಷ ಗೋಡೆಗೆ ಬಲೆ.

ಋತುಮಾನದ ಅಂಶವನ್ನೂ ಲಕ್ಷಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನು ಮಂಜುಗಡ್ಡೆ ಹೊದ್ದು ಲಾರಿ ಹತ್ತಿ ಬರುತ್ತದೆ. ಆಷಾಢದ ಮಳೆಯಲ್ಲಿ ಕೂತು "ಇವತ್ತೇ ಹಿಡಿದದ್ದಾ?" ಎಂದು ಕೇಳುವ ಗಿರಾಕಿಗೆ "ಹೌದು, ಇವತ್ತೇ" ಎನ್ನುವ ಹೋಟೆಲು ಮಾರ್ಗದ್ದು, "ಮದ್ರಾಸಿನದ್ದು, ಬೇಕಾದರೆ ತಿನ್ನಿ, ಇಲ್ಲದಿದ್ದರೆ ಒಣಮೀನು ಚಟ್ನಿ ಉಂಟು" ಎನ್ನುವುದು ನಾವು ಹುಡುಕುತ್ತಿರುವಂಥದ್ದು.

ಈ ವಿಧಾನಗಳಿಂದ ಒಂದು ಹೋಟೆಲು ಸಿಕ್ಕಿತು. ಸಂಶೋಧನೆಯ ನೈತಿಕ ಸಂಹಿತೆಯ ಪ್ರಕಾರ ಕ್ಷೇತ್ರದ ಗುರುತನ್ನು ಗೋಪ್ಯವಾಗಿಡಲಾಗಿದೆ. ಸಂಹಿತೆ ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ಮನೆಯ ಮುಂದಿನ ಜಗಲಿಗೆ ತಗಡಿನ ಮಾಡು ಇಳಿಸಿ ನಾಲ್ಕು ಮೇಜು ಹಾಕಿದ್ದಾರೆ. ನಡೆಸುವವರು ಅಕ್ಕ–ತಂಗಿ. ಅಕ್ಕ ಕ್ಯಾಶಿನಲ್ಲಿ, ತಂಗಿ ಕಾವಲಿಯ ಹತ್ತಿರ. ಅರೆಯುವುದಕ್ಕೆ ಗ್ರೈಂಡರ್. ಭಾವ ಬೆಳಿಗ್ಗೆ ಸ್ಕೂಟರಿನಲ್ಲಿ ದಕ್ಕೆಗೆ ಹೋಗಿ ಮೀನು ತರುತ್ತಾನೆ, ಮಧ್ಯಾಹ್ನ ಅನ್ನ ಬಡಿಸುತ್ತಾನೆ, ಸಂಬಳ ಅವನಿಗೂ ಉಂಟಂತೆ. ಊಟ, ಒಂದು ಫ್ರೈ ಎಲ್ಲ ಸೇರಿ ಇನ್ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸು ಬರುತ್ತದೆ.

"ಬಂಗುಡೆ ಉಂಟಾ ಅಕ್ಕ?"

"ಇಲ್ಲ. ಇವತ್ತು ದರ ಜಾಸ್ತಿ, ತರ್ಲಿಲ್ಲ."

"ಅಂಜಲ್?"

"ಅಂಜಲ್ ನಾವು ಮಾಡುದೇ ಇಲ್ಲ. ಬೊಳಂಜಿರ್ ಉಂಟು, ಕೊಡ್ಡಾಯಿ ಉಂಟು. ಮರುವಾಯಿ ಸುಕ್ಕ ಸ್ವಲ್ಪ ಉಂಟು, ಬೇಕಾದ್ರೆ ಬೇಗ ಹೇಳಿ."

ಅಂಜಲ್ ಮತ್ತು ಪಾಂಪ್ಲೆಟ್‌ಗೆ ಬೆರಳು ತೋರಿಸಿ ತೋರಿಸಿಯೇ ನಾವು ಅವನ್ನು ಮೆನುವಿನ ತುದಿಗೆ ಏರಿಸಿದ್ದು. ಇವರು ಆ ದಿನ ಹರಾಜಿನಲ್ಲಿ ಯಾರಿಗೂ ಬೇಡವಾದ ಸಣ್ಣ ಮೀನನ್ನು ತಂದು, ಹೊಟ್ಟೆ ಸೀಳಿ, ತೊಳೆದು, ಮೆಣಸು ಮೆತ್ತಿ ಮಾರುತ್ತಾರೆ. ಕೆಲಸ ಹೆಚ್ಚು, ಮೀನು ಅಗ್ಗ. ಎದುರಿಗಿದ್ದ ಪೈಂಟರ್ ಹುಡುಗರು ಬೊಳಂಜಿರನ್ನು ತಲೆಸಮೇತ ಕರಕರ ಅಗಿಯುತ್ತಿದ್ದರು.

ನಾನು ನೋಟ್‌ಬುಕ್ ತೆಗೆದದ್ದು ನೋಡಿ ಅಕ್ಕ ಕ್ಯಾಶಿನಿಂದಲೇ ಕೇಳಿದರು, "ಪೇಪರಿನವರಾ?"

"ಅಲ್ಲಕ್ಕ, ಸಣ್ಣದೊಂದು ಅಧ್ಯಯನ."

"ಎಂತದ್ದಾದ್ರೂ ಆಗ್ಲಿ, ಬರೀಬೇಡಿ ಮಾರಾಯ್ರೆ. ಈಗ ಬರುವವ್ರಿಗೇ ಸಾಕಾಗುದಿಲ್ಲ."

ಕೊಡ್ಡಾಯಿ ಬಂತು. ಮೀನೂಟದ ಹೋಟೆಲಿನ ಪುನರುಜ್ಜೀವನದಲ್ಲಿ ಮಹಿಳಾ ಉದ್ಯಮಶೀಲತೆಯ ನೆಲೆಗಳು ಯಾವುವು, ಸ್ಥಳೀಯ ಮತ್ಸ್ಯವೈವಿಧ್ಯದೊಂದಿಗೆ ಅವರ ಅನುಸಂಧಾನ ಎಂಥದ್ದು ಎಂದು ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳತೊಡಗಿದೆ. ಕಾವಲಿ ಕೆರೆಯುತ್ತಿದ್ದ ತಂಗಿ ಸಟ್ಟುಗ ಎತ್ತಿ ಹಿಡಿದು ನನ್ನತ್ತ ತಿರುಗಿದರು.

"ತಿನ್ನುವಾಗ ಮಾತಾಡ್ಬೇಡಿ ಸರ್. ಮುಳ್ಳುಂಟು."